ಮಾಂಗಲ್ಯಧಾರಣೆಯ ಫೋಟೋಗಳಲ್ಲಿ ಕಪ್ಪು ಪಟ್ಟಿಗಳೇಕೆ?

ಪ್ರಶ್ನೆ: ತುಮಕೂರಿನ ಕಲ್ಯಾಣ ಮಂಟಪವೊಂದರಲ್ಲಿ ನನ್ನ ತಂಗಿಯ ಮದುವೆ ನಡೆಯಿತು. ಮಾಂಗಲ್ಯಧಾರಣೆಯ ಫೋಟೋಗಳಲ್ಲಿ ಅಡ್ಡಡ್ಡಲಾಗಿ ಕಪ್ಪು ಪಟ್ಟಿಗಳಿವೆ; ಹಿಂದಿನ ಸಂಜೆಯ ಆರತಕ್ಷತೆಯಲ್ಲಿ ಎಲ್ಲರ ಮುಖವೂ ನೇರಳೆಯಾಗಿದೆ. ಛಾಯಾಗ್ರಾಹಕರ ಕ್ಯಾಮೆರಾ ದುಬಾರಿಯದೇ. ತಪ್ಪು ಎಲ್ಲಾಯಿತು, ಈಗ ಸರಿಪಡಿಸಬಹುದೇ?

ಉತ್ತರ: ಕ್ಯಾಮೆರಾದ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಮಂಟಪದ ದೀಪಗಳಿಗೂ ಶಟರ್ ವೇಗಕ್ಕೂ, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿಗೂ, ತಾಳ ಕೂಡಿಲ್ಲ, ಅಷ್ಟೆ. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಸಾಧಾರಣ ಗುಣಮಟ್ಟದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾಕ್ಕೆ ಕಾಣುತ್ತದೆ. ಅದರಲ್ಲೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ, ದೀಪ ಮಂಕಾದ ಗಳಿಗೆಯಲ್ಲಿ ಓದಿದ ಸಾಲುಗಳು ಕಪ್ಪು ಪಟ್ಟಿಗಳಾಗಿ ಉಳಿಯುತ್ತವೆ.

ವೃತ್ತಿಗಿಳಿದ ಹೊಸದರಲ್ಲಿ ನಾನೂ ಈ ತಪ್ಪು ಮಾಡಿದ್ದೇನೆ. ಗುಬ್ಬಿ ತಾಲ್ಲೂಕಿನ ಒಂದು ಮದುವೆಯಲ್ಲಿ ಮಂತ್ರಕ್ಕೆ ಅಡಚಣೆಯಾಗಬಾರದೆಂದು ಎಲೆಕ್ಟ್ರಾನಿಕ್ ಶಟರನ್ನು 1/320 ಸೆಕೆಂಡಿಗೆ ಇಟ್ಟುಕೊಂಡಿದ್ದೆ. ಗಟ್ಟಿಮೇಳ ಮೊಳಗಿ, ವರನ ಬೆರಳುಗಳು ಅರಿಶಿನ ದಾರಕ್ಕೆ ಮೊದಲ ಗಂಟು ಹಾಕುತ್ತಿದ್ದ ಚಿತ್ರದಲ್ಲಿ ವಧುವಿನ ಕಣ್ಣುಗಳ ಮೇಲೆಯೇ ಪಟ್ಟಿ ಹಾದುಹೋಗಿತ್ತು. ಆ ಮನೆಯವರ ಮುಂದೆ ಆಲ್ಬಂ ತೆರೆದಿಟ್ಟ ದಿನವನ್ನು ಮರೆತಿಲ್ಲ. ಅಂದಿನಿಂದ ಮುಹೂರ್ತಕ್ಕೆ ಪರದೆ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರನ್ನೇ ಬಳಸುತ್ತೇನೆ, ವೇಗವನ್ನು 1/100 ಸೆಕೆಂಡಿಗೆ ಇಡುತ್ತೇನೆ. ಆಗ ದೀಪದ ಒಂದು ಪೂರ್ಣ ಏರಿಳಿತ ಪ್ರತಿ ಚಿತ್ರದೊಳಗೂ ಸೇರಿ ಬೆಳಕು ಸಮನಾಗುತ್ತದೆ. ಹಾರುವ ಅಕ್ಷತೆ ತುಸು ಮಸುಕಾದರೂ ನನಗೆ ಬೇಸರವಿಲ್ಲ, ಏಕೆಂದರೆ ಮುಖ ಸ್ಪಷ್ಟವಾಗಿರುತ್ತದೆ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗೆ ಮಾತ್ರ ಈ ಲೆಕ್ಕ ಸಾಲದು. ಅದರ ಮಿನುಗಿನ ವೇಗವೇ ಬೇರೆ, ಮೊದಲೇ ಪರೀಕ್ಷಿಸಿಕೊಳ್ಳಬೇಕು. ಹಿಂದಿನ ದಿನವೇ ಮಂಟಪಕ್ಕೆ ಹೋಗಿ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ದೀಪಗಳನ್ನು ಚಿತ್ರೀಕರಿಸಿ ನೋಡಿದರೆ ಯಾವುದು ಮಿನುಗುತ್ತದೆಂದು ತಿಳಿದುಬಿಡುತ್ತದೆ.

ನೇರಳೆ ಮುಖಗಳಿಗೆ ಕಾರಣ ವೇದಿಕೆಯ ಇಕ್ಕೆಲಗಳ ಬಣ್ಣದ ದೀಪಗಳು. ಅವು ಹೊರಸೂಸುವುದು ಕೆಂಪು ಮತ್ತು ನೀಲಿಯನ್ನು ಮಾತ್ರ. ಚರ್ಮದ ಸಹಜ ಬಣ್ಣಕ್ಕೆ ಬೇಕಾದ ಹಸಿರು ಆ ಬೆಳಕಿನಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಬೀಳದ ಬೆಳಕನ್ನು ಯಾವ ತಂತ್ರಾಂಶವೂ ತಂದುಕೊಡಲಾರದು. ಆದ್ದರಿಂದ ವಧೂವರರು ವೇದಿಕೆಗೆ ಬರುವ ಮೊದಲೇ ಆ ದೀಪಗಳನ್ನು ಹಿಂದಿನ ಅಲಂಕಾರದ ಕಡೆಗೆ ತಿರುಗಿಸುವಂತೆ ಅಲಂಕಾರದವರನ್ನು ವಿನಂತಿಸಿ, ಮುಖಕ್ಕೆ ಫ್ಲ್ಯಾಶ್ ಕೊಡಬೇಕು. ಬಿಳಿ ಛಾವಣಿ ಸಾಕಷ್ಟು ತಗ್ಗಿದ್ದರೆ ಫ್ಲ್ಯಾಶನ್ನು ಅದಕ್ಕೆ ಹೊಡೆದು ಮೆತ್ತನೆಯ ಬೆಳಕು ಪಡೆಯಬಹುದು; ಛಾವಣಿಗೆ ಕೇಸರಿ ಬಟ್ಟೆ ಕಟ್ಟಿದ್ದರೆ ಮರಳಿ ಬರುವ ಬೆಳಕೂ ಕೇಸರಿಯೇ. ಅಂಥ ಕಡೆ ಬೆಳಕನ್ನು ಮೆತ್ತಗಾಗಿಸುವ ಛತ್ರಿ ತೊಡಿಸಿದ ಎರಡು ಫ್ಲ್ಯಾಶ್‌ಗಳನ್ನು ಸ್ಟ್ಯಾಂಡಿನ ಮೇಲೆ, ಹಿರಿಯರ ನೋಟಕ್ಕೆ ಅಡ್ಡವಾಗದಂತೆ, ಬದಿಯಲ್ಲಿ ನಿಲ್ಲಿಸುವುದು ವಾಸಿ.

ನಿಮ್ಮ ಫೋಟೋಗಳ ವಿಷಯದಲ್ಲಿ, ಆಲ್ಬಂ ಮುದ್ರಣಕ್ಕೆ ಹೋಗುವ ಮುನ್ನ ರಾ ಫೈಲ್‌ಗಳನ್ನು (ಕ್ಯಾಮೆರಾ ಸೆರೆಹಿಡಿದ ಮೂಲ ಕಡತಗಳನ್ನು) ಅಳಿಸದಂತೆ ಛಾಯಾಗ್ರಾಹಕರಿಗೆ ಹೇಳಿ. ತೆಳು ಪಟ್ಟಿಗಳನ್ನು ತಾಳ್ಮೆಯಿಂದ ಬೆಳಗಿಸಿ ಬಹುಪಾಲು ಮರೆಮಾಡಬಹುದು, ದಟ್ಟವಾದವು ಉಳಿಯುತ್ತವೆ. ನೇರಳೆಯವುಗಳಲ್ಲಿ ಮುಖದ ವಿವರ ಉಳಿದಿರುವಂಥವನ್ನು ಆರಿಸಿ ಕಪ್ಪು-ಬಿಳುಪಿನಲ್ಲಿ ಮುದ್ರಿಸಲು ಕೇಳಿ.