ಪದ ಪರಿಚಯ: ಉದ್ಯೋಗ ವಲಸೆ

ದುಡಿಮೆಗಾಗಿ ಸ್ವಂತ ದೇಶ ಬಿಟ್ಟು ಇನ್ನೊಂದು ದೇಶಕ್ಕೆ ಹೋಗುವುದೇ ಉದ್ಯೋಗ ವಲಸೆ. ಯುದ್ಧಕ್ಕೋ ದಬ್ಬಾಳಿಕೆಗೋ ಅಂಜಿ ಗಡಿ ದಾಟುವವರು ನಿರಾಶ್ರಿತರು. ಅವರ ಕಥೆ ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ ದುಡಿಯುವ ಜನರಲ್ಲಿ ಪರದೇಶದಿಂದ ಬಂದವರು 16 ಕೋಟಿಗೂ ಹೆಚ್ಚು.

ಇವರೆಲ್ಲ ಏಕೆ ಹೋದರು ಎಂದು ಕೇಳಿದರೆ ಥಟ್ಟನೆ ಸಿಗುವ ಉತ್ತರ ಬಡತನ. ಅದು ಅರ್ಧ ಮಾತ್ರ ನಿಜ. ಕಡುಬಡವರು ಹೊರದೇಶಕ್ಕೆ ಹೋಗುವುದು ಕಡಿಮೆ. ಪಾಸ್‌ಪೋರ್ಟ್, ವೀಸಾ, ವೈದ್ಯಕೀಯ ತಪಾಸಣೆ, ವಿಮಾನದ ಟಿಕೆಟ್, ಇವೆಲ್ಲಕ್ಕೂ ಮೇಲೆ ಏಜೆಂಟನ ಕಮಿಷನ್. ಇಷ್ಟನ್ನು ಹೊಂದಿಸಲು ಅಡವಿಡುವುದಕ್ಕಾದರೂ ತುಂಡು ಜಮೀನೋ ಒಡವೆಯೋ ಇರಬೇಕು. ಏನೂ ಇಲ್ಲದವನಿಗೆ ಸಾಲವೂ ಹುಟ್ಟುವುದಿಲ್ಲ. ತೀರಾ ಬಡ ದೇಶವೊಂದರಲ್ಲಿ ಆದಾಯ ತುಸು ಏರತೊಡಗಿದಾಗ ವಲಸೆ ತಗ್ಗುವ ಬದಲು ಹೆಚ್ಚುವುದುಂಟು ಎಂದು ಅರ್ಥಶಾಸ್ತ್ರಜ್ಞರು ಹೇಳುವುದು ಇದೇ ಕಾರಣಕ್ಕೆ.

ನಿಜವಾಗಿ ಎಳೆಯುವುದು ಕೂಲಿಯ ಅಂತರ. ಗಾರೆ ಕೆಲಸದವನೊಬ್ಬ ಅದೇ ಕರಣೆ ಹಿಡಿದು ಅದೇ ವರಸೆಯಲ್ಲಿ ಇಟ್ಟಿಗೆ ಜೋಡಿಸಿದರೂ, ಶ್ರೀಮಂತ ದೇಶದಲ್ಲಿ ಅವನಿಗೆ ಹಲವು ಪಟ್ಟು ಹೆಚ್ಚು ಸಂಬಳ. ವಿಮಾನ ಹತ್ತಿದ ಮಾತ್ರಕ್ಕೆ ಅವನ ಕಸುಬು ಸುಧಾರಿಸಿಲ್ಲ. ಅವನ ಸುತ್ತಲಿನ ಬಂಡವಾಳ, ಯಂತ್ರ, ಆಡಳಿತ, ಕೊಳ್ಳುವವರ ಜೇಬು ಬದಲಾಗಿವೆ, ಅಷ್ಟೆ. ಬಡ ದೇಶದ ಕೆಲಸಗಾರ ಸೋಮಾರಿ ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಆದರೆ ಹೋಗುವ ತೀರ್ಮಾನ ಒಬ್ಬನದೇ ಆಗಿರುವುದು ಅಪರೂಪ. ಬೆಳೆ ವಿಮೆ, ಪಿಂಚಣಿ, ಸುಲಭ ಬ್ಯಾಂಕ್ ಸಾಲ ಯಾವುದೂ ಇಲ್ಲದ ಕುಟುಂಬ ತನ್ನ ದುಡಿಮೆಯನ್ನು ಹಂಚಿಡುತ್ತದೆ: ಒಬ್ಬ ಹೊಲದಲ್ಲಿ, ಒಬ್ಬಳು ಪಟ್ಟಣದಲ್ಲಿ, ಇನ್ನೊಬ್ಬ ಹೊರದೇಶದಲ್ಲಿ. ಒಂದು ಕಡೆ ಕೈಕೊಟ್ಟರೆ ಇನ್ನೊಂದು ಕಡೆಯ ಸಂಪಾದನೆ ಮನೆಯನ್ನು ಹಿಡಿದು ನಿಲ್ಲಿಸುತ್ತದೆ. ಅರ್ಥಶಾಸ್ತ್ರಜ್ಞರಾದ ಓಡೆಡ್ ಸ್ಟಾರ್ಕ್ ಮತ್ತು ಡೇವಿಡ್ ಬ್ಲೂಮ್ 1985ರಲ್ಲಿ ಮುಂದಿಟ್ಟ ವಾದದ ತಿರುಳು ಇದು. ನೇಪಾಳದಂಥ ದೇಶದಲ್ಲಿ ಹೀಗೆ ಹೊರಗಿನಿಂದ ಬರುವ ಹಣ ಒಟ್ಟು ದೇಶೀಯ ಉತ್ಪನ್ನದ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದ ವರ್ಷಗಳಿವೆ.

ಕರೆಯುವವರಿಲ್ಲದೆ ಹೋಗುವವರೂ ಇಲ್ಲ. ಕಾರ್ಖಾನೆಗಳಿಗೆ ಆಳು ಸಾಲದೆ ಪಶ್ಚಿಮ ಜರ್ಮನಿ 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. 1973ರಲ್ಲಿ ನೇಮಕಾತಿ ನಿಲ್ಲಿಸಿತು. ಬಂದವರಲ್ಲಿ ಬಹಳ ಮಂದಿ ಅಲ್ಲೇ ಉಳಿದರು, ಮನೆಯವರನ್ನೂ ಕರೆಸಿಕೊಂಡರು. ಅದೇ 1973ರಲ್ಲಿ ತೈಲ ಬೆಲೆ ಗಗನಕ್ಕೇರಿ ಕೊಲ್ಲಿ ದೇಶಗಳಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸ ಭರದಿಂದ ಶುರುವಾಯಿತು. ದುಡ್ಡಿತ್ತು, ದುಡಿಯುವ ಕೈಗಳಿರಲಿಲ್ಲ.

ಈ ಲೆಕ್ಕವನ್ನೆಲ್ಲ ಬುಡಮೇಲು ಮಾಡುವುದು ಹೊರಡುವ ಮುಂಚೆ ಮಾಡಿದ ಸಾಲ. ಮೊದಲ ಹಲವು ತಿಂಗಳ ಸಂಬಳ ಬಡ್ಡಿಗೆ ಹೋಗುತ್ತದೆ. ಅಲ್ಲಿಗೆ ತಲುಪಿದ ಮೇಲೆ, ಹೇಳಿದ್ದಕ್ಕಿಂತ ಕಡಿಮೆ ಸಂಬಳದ ಬೇರೊಂದು ಕರಾರುಪತ್ರ ಮುಂದಿಟ್ಟರೂ ಸಹಿ ಹಾಕದೆ ವಿಧಿಯಿಲ್ಲ. ಬರಿಗೈಯಲ್ಲಿ ಮರಳಿದರೆ ಸಾಲ ಕೊಟ್ಟವನು ಬಾಗಿಲಲ್ಲೇ ಇರುತ್ತಾನೆ. ನೇಮಕಾತಿಯ ಶುಲ್ಕವನ್ನು ಕಾರ್ಮಿಕರಿಂದ ವಸೂಲು ಮಾಡಕೂಡದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಡಂಬಡಿಕೆಯ ಸಾಮಾನ್ಯ ನಿಯಮ. ಅದನ್ನು ಅನುಮೋದಿಸಿದ ದೇಶಗಳಿಗಿಂತ ಅನುಮೋದಿಸದೆ ಉಳಿದ ದೇಶಗಳೇ ಹೆಚ್ಚು.