ಹೊಸ ರೋಲರ್ ಕೋಸ್ಟರ್ ಬರುತ್ತಿದೆಯಾ? ಮಣ್ಣಿನ ಗುಡ್ಡೆ ಬಿಟ್ಟು ಬೋಲ್ಟ್ ನೋಡಿ

ಪಾರ್ಕಿನ ಹಿಂಬದಿಯ ಕಾಂಪೌಂಡ್, ಅದರಾಚೆ ಒಂದು ಹಿಟಾಚಿ, ಪಕ್ಕದಲ್ಲಿ ಕೆಮ್ಮಣ್ಣಿನ ಗುಡ್ಡೆ. ಇಷ್ಟೇ ಇರುವ ಒಂದು ಫೋಟೊ ತುಮಕೂರಿನ ಕಾಲೇಜು ಕ್ಯಾಂಟೀನಿಗೆ ಬಂದರೆ ಸಾಕು, ಟೀ ಆರುವುದರೊಳಗೆ ಹೊಸ ರೋಲರ್ ಕೋಸ್ಟರಿನ ಎತ್ತರ, ವೇಗ, ಎಷ್ಟು ಸಲ ತಲೆಕೆಳಗಾಗುತ್ತದೆ ಎಂಬುದೆಲ್ಲ ತೀರ್ಮಾನವಾಗಿಬಿಡುತ್ತದೆ. ಊಹಿಸುವುದು ತಪ್ಪಲ್ಲ, ಅದರಲ್ಲಿ ಮಜಾ ಇದೆ. ಆದರೆ ನೋಡುತ್ತಿರುವ ಜಾಗ ತಪ್ಪು. ಹಿಟಾಚಿ ಬಂತೆಂದರೆ ಯಾರೋ ಮಣ್ಣು ಅಗೆಯುತ್ತಿದ್ದಾರೆ ಎಂದಷ್ಟೇ ಅರ್ಥ. ವಾಟರ್ ಸ್ಲೈಡಿಗೂ ಅಗೆಯುತ್ತಾರೆ, ಪಾರ್ಕಿಂಗಿಗೂ ಅಗೆಯುತ್ತಾರೆ, ಕೊಳಚೆ ನೀರಿನ ಘಟಕಕ್ಕೂ ಅಗೆಯುತ್ತಾರೆ. ಕೋಸ್ಟರ್ ತನ್ನ ಗುಟ್ಟು ಬಿಟ್ಟುಕೊಡುವುದು ಪಾಯದಲ್ಲಿ.

ಪಾಯಕ್ಕೂ ಮೊದಲು ಮಣ್ಣು ಪರೀಕ್ಷೆ. ಅದಕ್ಕೆ ಬರುವುದು ಬೋರ್‌ವೆಲ್ ಲಾರಿಯಲ್ಲ, ಮೂರು ಕಾಲಿನ ಕಬ್ಬಿಣದ ಚೌಕಟ್ಟು. ಅದರ ಮೇಲಿಂದ 63.5 ಕೆ.ಜಿ. ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾ ಕೊಳವೆಯೊಂದನ್ನು ನೆಲಕ್ಕೆ ಇಳಿಸುತ್ತಾರೆ. ಕೊನೆಯ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕಾಯಿತು ಎಂಬುದರ ಮೇಲೆ ಮಣ್ಣಿನ ತಾಕತ್ತು ಲೆಕ್ಕ ಹಾಕುತ್ತಾರೆ. ಕಟ್ಟಡ ಬರುವುದಿದ್ದರೆ ಈ ತೂತುಗಳು ನಿವೇಶನದ ಮೂಲೆಗಳಲ್ಲಿ, ನಡುವೆ ಒಂದೆರಡು ಕಡೆ ಇರುತ್ತವೆ. ಉದ್ದಕ್ಕೆ ಹೋಗಿ, ಓರೆಯಾಗಿ ತಿರುಗಿ, ಮತ್ತೆ ವಾಪಸ್ ಬರುವ ಸಾಲಿನಲ್ಲಿ ಕೊರೆಯುತ್ತಿದ್ದರೆ ಅದು ರೈಡ್ ಇರಬಹುದು ಎಂಬ ಮೊದಲ ಗಟ್ಟಿ ಸುಳಿವು.

ನಮ್ಮ ಕಡೆಯ ನೆಲಕ್ಕೆ ಇಷ್ಟು ತೂತು ಬೇಕೇ ಬೇಕು. ಮಧುಗಿರಿಯ ಏಕಶಿಲೆ, ದೇವರಾಯನದುರ್ಗ, ಅತ್ತ ರಾಮನಗರದ ಬೆಟ್ಟಗಳು, ಎಲ್ಲವೂ ಉತ್ತರ–ದಕ್ಷಿಣವಾಗಿ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸೇರಿದವು. ಇಲ್ಲಿ ಒಂದು ಗುಂಡಿಯಲ್ಲಿ ಎರಡಡಿಗೇ ಹಾಸುಬಂಡೆ ಸಿಕ್ಕರೆ, ಹತ್ತು ಹೆಜ್ಜೆ ಆಚೆಯ ಗುಂಡಿಯಲ್ಲಿ ಹತ್ತಡಿ ಹೋದರೂ ಕೈಯಲ್ಲಿ ಪುಡಿಯಾಗುವ ಬಿರಿದ ಕಲ್ಲು. ಮನೆಯಾದರೆ ಸಹಿಸಿಕೊಳ್ಳುತ್ತದೆ, ಗೋಡೆಯಲ್ಲೊಂದು ಬಿರುಕು ಬಿಟ್ಟು ಸುಮ್ಮನಾಗುತ್ತದೆ. ಕೋಸ್ಟರಿನಲ್ಲಿ ಒಂದು ಕಂಬ ನೆಲಕ್ಕೆ ಕುಸಿದು ಪಕ್ಕದ್ದು ಕುಸಿಯದಿದ್ದರೆ ಹಳಿಯ ಜೋಡಣೆಯಲ್ಲಿ ಮೆಟ್ಟಿಲಿನಂಥ ಏರುಪೇರು ಬೀಳುತ್ತದೆ. ಚಕ್ರ ಪ್ರತಿ ಸುತ್ತಿಗೂ ಅಲ್ಲಿ ಹೊಡೆಯುತ್ತದೆ, ಬೆಸುಗೆ ದಣಿದು ಬಿರುಕು ಬಿಡುತ್ತದೆ.

ಇನ್ನು ಪಾಯ. ವಾಟರ್ ಸ್ಲೈಡಿನ ಪಾಯಗಳೂ ಚದುರಿದಂತೆಯೇ ಕಾಣುವುದರಿಂದ ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಸ್ಲೈಡಿನ ಕಂಬಕ್ಕೆ ಸಾಮಾನ್ಯವಾಗಿ ನಾಲ್ಕು ಬೋಲ್ಟ್, ಹೆಬ್ಬೆರಳಿನ ದಪ್ಪದವು. ಹತ್ತಿರದಲ್ಲೇ ಪಂಪ್ ಕೋಣೆಯ ಗುಂಡಿ, ದಪ್ಪ ಪೈಪು ಹಾಕಲು ತೋಡಿದ ಕಾಲುವೆ ಇದ್ದೇ ಇರುತ್ತದೆ. ಕೋಸ್ಟರಿನ ಪೆಡೆಸ್ಟಲ್ (ಪಾಯದಿಂದ ಮೇಲೆದ್ದ ಕಾಂಕ್ರೀಟಿನ ಗಿಡ್ಡ ಕಂಬ) ಮೇಲೆ ಹೆಚ್ಚಾಗಿ ಎಂಟು, ಹತ್ತು, ಹನ್ನೆರಡು ಬೋಲ್ಟ್, 36 ಮಿ.ಮೀ. ಅಥವಾ ಅದಕ್ಕಿಂತ ದಪ್ಪ. ಪೆಡೆಸ್ಟಲ್‌ಗಳು ಒಂದೇ ದಿಕ್ಕಿಗೆ ಮುಖ ಮಾಡಿರುವುದಿಲ್ಲ, ಹಳಿ ತಿರುಗಿದಂತೆ ಅವೂ ತಿರುಗುತ್ತವೆ. ಎರಡೆರಡು ಜೋಡಿಯಾಗಿ, ಒಂದು ಎತ್ತರ ಒಂದು ತಗ್ಗಾಗಿ ಇದ್ದರೆ ಮೇಲೆ ಕಾಲು ಅಗಲಿಸಿ ನಿಲ್ಲುವ ಕಂಬ ಬರುತ್ತದೆ. ಒಂದೇ ಭಾರಿ ಕಾಂಕ್ರೀಟ್ ಗಡ್ಡೆ, ಅದರ ಮೇಲೆ ಬಳೆಯಾಕಾರದಲ್ಲಿ ಬೋಲ್ಟುಗಳಿದ್ದರೆ ಕೋಸ್ಟರಿನ ಆಸೆ ಬಿಡಿ, ಅದು ಹೆಚ್ಚಾಗಿ ಡ್ರಾಪ್ ಟವರ್, ಜನರನ್ನು ಮೇಲಿಂದ ನೇರ ಕೆಳಕ್ಕೆ ಬೀಳಿಸುವ ರೈಡ್.

ಪಾಯ ಇಷ್ಟು ದಪ್ಪ ಯಾಕೆ ಎಂದು ಕೇಳುವವರಿದ್ದಾರೆ. ಸಿದ್ಧಗಂಗೆ ಜಾತ್ರೆಯಂಥ ಕಡೆ ಬರುವ ಜೈಂಟ್ ವೀಲ್, ಕೊಲಂಬಸ್‌ಗಳು ಮರದ ದಿಮ್ಮಿಗಳ ಮೇಲೆ ನಿಲ್ಲುವುದನ್ನು ನೋಡಿದ ಕಣ್ಣಿಗೆ ಇದು ಅತಿ ಎನಿಸುತ್ತದೆ. ಆದರೆ ಕೋಸ್ಟರಿನ ಕಂಬವನ್ನು ಟ್ರೈನ್ ಬರೀ ಕೆಳಕ್ಕೆ ಒತ್ತುವುದಿಲ್ಲ. ತಿರುವಿನಲ್ಲಿ ಪಕ್ಕಕ್ಕೆ ನೂಕುತ್ತದೆ, ಗುಡ್ಡದ ನೆತ್ತಿ ದಾಟುವಾಗ ಮೇಲಕ್ಕೆ ಎಳೆಯುತ್ತದೆ. ಈ ಬುಡಮೇಲು ಮಾಡುವ ಬಲಕ್ಕೆ ಉತ್ತರ ಪಾಯದ ತೂಕವೇ. 2.5 ಮೀಟರ್ ಚೌಕ, 1.2 ಮೀಟರ್ ದಪ್ಪದ ಒಂದು ಫುಟಿಂಗ್ (ನೆಲದೊಳಗಿನ ಪಾಯದ ಗಡ್ಡೆ) ಎಂದರೆ 7.5 ಘನ ಮೀಟರ್ ಕಾಂಕ್ರೀಟ್, ಹತ್ತಿರ ಹತ್ತಿರ 19 ಟನ್. 6 ಘನ ಮೀಟರಿನ ರೆಡಿಮಿಕ್ಸ್ ಲಾರಿ ಒಂದು ಪೂರ್ತಿ ಸುರಿದರೂ ಅದು ತುಂಬುವುದಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಬೋಲ್ಟಿನಲ್ಲಿ. ಹಸಿ ಕಾಂಕ್ರೀಟನ್ನು ಅಲುಗಿಸಿ ಗಟ್ಟಿ ಕೂರಿಸುವ ವೈಬ್ರೇಟರ್ ಬೋಲ್ಟಿಗೆ ತಾಗಿದರೆ ಅದು ಸದ್ದಿಲ್ಲದೆ ಜರುಗುತ್ತದೆ. ಕಂಬ ಬರುವುದು ಕಾರ್ಖಾನೆಯಲ್ಲೇ ತೂತು ಕೊರೆಸಿಕೊಂಡು, ನಾಲ್ಕೈದು ಮಿ.ಮೀ. ಆಚೀಚೆಯಾದರೂ ಕೂರುವುದಿಲ್ಲ. ಆಗ ಕೆಲವರು ತೂತನ್ನು ಗ್ಯಾಸ್ ಕಟ್ಟರಿನಲ್ಲಿ ಅಗಲಿಸಲು ಹೋಗುತ್ತಾರೆ. ಶೆಡ್ಡಿನ ಕೆಲಸದಲ್ಲೇ ಅದು ತಪ್ಪು, ಇಲ್ಲಂತೂ ಅಪರಾಧ. ಸರಿಯಾದ ಕ್ರಮವೆಂದರೆ ಬೋಲ್ಟುಗಳನ್ನು ಮೇಲೊಂದು ಕೆಳಗೊಂದು ಟೆಂಪ್ಲೇಟ್ ಪ್ಲೇಟಿನಲ್ಲಿ ಬಿಗಿದು, ಬೋಲ್ಟಿನ ತಿರುಪಿನ ಗೆರೆಗಳಿಗೆ ಗ್ರೀಸ್ ಹಚ್ಚಿ ಟೇಪ್ ಸುತ್ತಿ, ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರದಲ್ಲಿ ಕಾಂಕ್ರೀಟಿಗೆ ಮೊದಲೊಮ್ಮೆ, ಸುರಿಯುತ್ತಿರುವಾಗೊಮ್ಮೆ, ಸುರಿದ ಮೇಲೊಮ್ಮೆ ಅಳೆಯುವುದು. ಆದ್ದರಿಂದ ಫೋಟೊದಲ್ಲಿ ಬೋಲ್ಟಿನ ತಲೆಗೆ ಟೇಪ್ ಸುತ್ತಿ, ಮೇಲೆ ತೂತಿನ ತಗಡು ಹಾಕಿದ್ದು ಕಂಡರೆ ಅಲ್ಲಿ ಅಳತೆ ತಪ್ಪಬಾರದ ಭಾರಿ ಕೆಲಸ ನಡೆಯುತ್ತಿದೆ ಎಂದು ತಿಳಿಯಬಹುದು. ಆಮೇಲೆ ಕ್ಯೂಬ್ ಪರೀಕ್ಷೆ, ಅಂದರೆ ಅದೇ ಕಾಂಕ್ರೀಟಿನ ಅಚ್ಚುಗಳನ್ನು ಒತ್ತಿ ಒಡೆದು ನೋಡುವುದು, 7ನೇ ದಿನ ಒಮ್ಮೆ, 28ನೇ ದಿನ ಇನ್ನೊಮ್ಮೆ. ‘ಪಾಯ ಆಗಿ ಎರಡು ವಾರವಾಯ್ತು, ಇನ್ನೂ ಕಂಬ ಎದ್ದಿಲ್ಲ, ಕೆಲಸ ನಿಂತಿದೆ’ ಎನ್ನುವವರಿಗೆ ಉತ್ತರ ಇದೇ: ಗೋಣಿಚೀಲ ಹೊದ್ದು ನೀರು ಕುಡಿಯುತ್ತಿರುವ ಕಾಂಕ್ರೀಟ್ ನಿಂತ ಕೆಲಸವಲ್ಲ.

ಎತ್ತರವನ್ನು ಕಂಬ ಏಳುವ ಮೊದಲೇ ಅಂದಾಜು ಮಾಡಬಹುದು. ಪಾಯಗಳಲ್ಲಿ ಒಂದು ಸಾಲು ಮಾತ್ರ ದಾರ ಹಿಡಿದಂತೆ ನೇರವಾಗಿರುತ್ತದೆ, ಒಂದು ತುದಿಗೆ ಹೋದಂತೆ ಫುಟಿಂಗ್ ದೊಡ್ಡದಾಗುತ್ತಾ ಹೋಗುತ್ತದೆ. ಅದು ಚೈನಿನಲ್ಲಿ ಟ್ರೈನನ್ನು ಮೇಲಕ್ಕೆ ಎಳೆಯುವ ಲಿಫ್ಟ್ ಹಿಲ್. ಚೈನ್ ಲಿಫ್ಟಿನ ಓರೆ ಹೆಚ್ಚಾಗಿ 25ರಿಂದ 30 ಡಿಗ್ರಿ. ಗೂಗಲ್ ಅರ್ತ್‌ನಲ್ಲಿ ಆ ಸಾಲನ್ನು ಅಳೆಯಿರಿ. 70 ಮೀಟರ್ ಬಂತೆನ್ನಿ. 30 ಡಿಗ್ರಿಗೆ 0.58ರಿಂದ ಗುಣಿಸಿದರೆ ಎತ್ತರ 40 ಮೀಟರ್, 25 ಡಿಗ್ರಿಗೆ 0.47ರಿಂದ ಗುಣಿಸಿದರೆ 33. ಉತ್ತರ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಗೂಗಲ್ ಚಿತ್ರ ಹಳೆಯದಿದ್ದರೆ ಸೆಂಟಿನೆಲ್–2 ಉಪಗ್ರಹದ ಚಿತ್ರ 5 ದಿನಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ಆದರೆ ಅದರ ಒಂದು ಚುಕ್ಕೆ ಎಂದರೆ 10 ಮೀಟರ್. ಯಾವ ತಿಂಗಳು ಗಿಡಮರ ತೆಗೆದರು ಎಂಬುದು ಗೊತ್ತಾಗುತ್ತದೆ, ಪಾಯ ಕಾಣುವುದಿಲ್ಲ. ಮಳೆಗಾಲದಲ್ಲಿ ಬರೀ ಮೋಡ.

ಎತ್ತರ ಸಿಕ್ಕರೆ ವೇಗಕ್ಕೆ ದೊಡ್ಡ ಗಣಿತ ಬೇಡ. ಮೀಟರಿನಲ್ಲಿರುವ ಇಳಿತದ ವರ್ಗಮೂಲವನ್ನು 16ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬುದು ಬರುತ್ತದೆ. 36 ಮೀಟರಿಗೆ 96. ಗಾಳಿ, ಚಕ್ರದ ಉಜ್ಜುವಿಕೆ ಸ್ವಲ್ಪ ತಿನ್ನುತ್ತದೆ, ಹೆಚ್ಚಂತೂ ಆಗುವುದಿಲ್ಲ. ‘30 ಮೀಟರ್ ಎತ್ತರ, 120 ವೇಗ’ ಎಂದು ಯಾರಾದರೂ ಬರೆದರೆ ಒಂದೋ ಸುಳ್ಳು, ಇಲ್ಲವೇ ಅದು ಲಾಂಚ್ ಕೋಸ್ಟರ್, ಅಂದರೆ ಟ್ರೈನನ್ನು ಮೋಟರಿನ ಬಲದಿಂದ ಚಿಮ್ಮಿಸುವಂಥದ್ದು. ನಮ್ಮ ದೇಶದಲ್ಲಿ ಹೋಲಿಸಿ ನೋಡಲು ಮಹಾರಾಷ್ಟ್ರದ ಖೋಪೋಲಿಯ ಇಮ್ಯಾಜಿಕಾ ಪಾರ್ಕಿನಲ್ಲಿ 2013ರಲ್ಲಿ ಬಂದ ನೈಟ್ರೋ ಇದೆ: ಬಿ ಆ್ಯಂಡ್ ಎಂ ಕಂಪನಿಯದು, ಸುಮಾರು 40 ಮೀಟರ್, ಐದು ಸಲ ತಲೆಕೆಳಗು. ಜಾಗ ಚಿಕ್ಕದಾಗಿದ್ದು ಎದುರುಬದುರು ಎರಡು ಎತ್ತರದ ಗೋಪುರಕ್ಕೆ ಪಾಯ ಬಿದ್ದಿದ್ದರೆ ವೆಕೋಮಾ ಕಂಪನಿಯ ಬೂಮರಾಂಗ್ ಮಾದರಿ ಇರಬಹುದು. ಅದು 35.5 ಮೀಟರ್ ಎತ್ತರ, ಹಳಿ ಬರೀ 285 ಮೀಟರ್, ಟ್ರೈನಿನಲ್ಲಿ 28 ಜನ. ಹೋದ ದಾರಿಯಲ್ಲೇ ಹಿಮ್ಮುಖವಾಗಿ ವಾಪಸ್. ಅದರಲ್ಲಿ ಎರಡನೇ ಟ್ರೈನ್ ಓಡಿಸಲು ಸಾಧ್ಯವೇ ಇಲ್ಲ, ಹಾಗಾಗಿ ಭಾನುವಾರದ ಕ್ಯೂ ಉದ್ದವೇ.

ಲಾಂಚ್ ಹೌದೋ ಅಲ್ಲವೋ ಎಂಬುದನ್ನು ಟ್ರಾನ್ಸ್‌ಫಾರ್ಮರ್ ಹೇಳುತ್ತದೆ. 10 ಟನ್ನಿನ ಟ್ರೈನನ್ನು 40 ಮೀಟರಿಗೆ 30 ಸೆಕೆಂಡಿನಲ್ಲಿ ಚೈನಿನಿಂದ ಎಳೆಯಲು, ನಷ್ಟ ಬಿಟ್ಟು, 130 ಕಿಲೋವ್ಯಾಟ್ ಸಾಕು. ಅದೇ ಟ್ರೈನನ್ನು 3 ಸೆಕೆಂಡಿನಲ್ಲಿ ಗಂಟೆಗೆ 90 ಕಿ.ಮೀ. ವೇಗಕ್ಕೆ ಚಿಮ್ಮಿಸಲು ಒಂದು ಮೆಗಾವ್ಯಾಟ್ ಮೀರುತ್ತದೆ. ಎರಡು ನಿಮಿಷಕ್ಕೊಮ್ಮೆ ಹೀಗೆ ಗುಟುಕರಿಸುವ ಯಂತ್ರವನ್ನು ಬೆಸ್ಕಾಂ ಲೈನಿಗೆ ಹಾಗೆಯೇ ಕಟ್ಟಿದರೆ ಸುತ್ತಲ ಹಳ್ಳಿಯ ಬಲ್ಬೆಲ್ಲ ಮಂಕಾಗುತ್ತದೆ. ಅದಕ್ಕೇ ಶಕ್ತಿ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಕೋಣೆಯೋ ಫ್ಲೈವೀಲೋ ಬೇಕು, ಸ್ಟೇಷನ್ ಪಕ್ಕ ದಪ್ಪ ಕೇಬಲ್ಲಿನ ಕಾಲುವೆ ಬೇಕು. ಇವಿಲ್ಲದಿದ್ದರೆ ಲಾಂಚ್ ಮಾತು ಬಿಡಿ.

ಕೋಸ್ಟರಿನ ಭಾಗ ಬಂತು ಎಂದು ಹಂಚಿಕೊಳ್ಳುವ, ಕ್ಯಾತ್ಸಂದ್ರ ಟೋಲ್ ಹತ್ತಿರ ತೆಗೆದ ಟ್ರೈಲರ್ ಲಾರಿಗಳ ಫೋಟೊಗಳ ಬಗ್ಗೆ ಒಂದು ಮಾತು. ಅವು ಚಿತ್ರದುರ್ಗದ ಕಡೆಗೆ ಹೋಗುವ ಗಾಳಿಯಂತ್ರದ ಭಾಗಗಳಿರಬಹುದು. ಆಳು ನಿಲ್ಲುವಷ್ಟು ಅಗಲದ ಕೊಳವೆ ಕಂಡರೆ ಅದು ಕೋಸ್ಟರಿನದಲ್ಲ. ಹಳಿಯ ತುಂಡಿನಲ್ಲಿ ಸಮಾನಾಂತರ ಎರಡು ಕೊಳವೆ, ನಡುವೆ ಅಡ್ಡಪಟ್ಟಿ, ಅಡಿಯಲ್ಲಿ ಬೆನ್ನೆಲುಬು, ಎರಡೂ ತುದಿಗೆ ಬೋಲ್ಟ್ ತೂತಿನ ಫ್ಲ್ಯಾಂಜ್ ಇರುತ್ತದೆ. ಮುಖ್ಯವಾಗಿ ಅದು ಬಾಗುತ್ತಲೇ ತಿರುಚಿಕೊಂಡಿರುತ್ತದೆ. ಕಾರ್ಖಾನೆಗಳಿಗೆ ಹೋಗುವ ಪೈಪು ಬಾಗುತ್ತದೆಯೇ ಹೊರತು ತಿರುಚಿಕೊಳ್ಳುವುದಿಲ್ಲ. ವಿದೇಶದಿಂದ ಬರುವ ಮಾಲಾದರೆ ಕಸ್ಟಮ್ಸ್ ದಾಖಲೆಯಲ್ಲಿ ರೋಲರ್ ಕೋಸ್ಟರಿಗೇ ಪ್ರತ್ಯೇಕ ಸಂಖ್ಯೆ ಇದೆ, 9508.21, ವಾಟರ್ ಪಾರ್ಕಿನ ಸಾಮಾನು 9508.26. ಷೇರುಪೇಟೆಯಲ್ಲಿರುವ ಕಂಪನಿಯ ಪಾರ್ಕಾದರೆ ಲೆಕ್ಕಪತ್ರದಲ್ಲಿ ‘ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್’ (ಇನ್ನೂ ಮುಗಿಯದ ಕಾಮಗಾರಿಗೆ ಹಾಕಿದ ಹಣ) ಎಂಬ ಸಾಲು ನೋಡಿ. ವಂಡರ್‌ಲಾ 2014ರಿಂದ ಪಟ್ಟಿಯಲ್ಲಿದೆ, ಅದರ ವಾರ್ಷಿಕ ವರದಿ ಯಾರು ಬೇಕಾದರೂ ಓದಬಹುದು. ಪಾರ್ಕಿನವರು ತೋರಿಸುವ ಬಣ್ಣದ ಚಿತ್ರವನ್ನು ಮಾತ್ರ ಸಾಕ್ಷಿ ಎಂದು ಹಿಡಿಯಬೇಡಿ.

ಹಳಿ ಕೂಡಿದ ಮೇಲೂ ತಕ್ಷಣ ಬಾಗಿಲು ತೆರೆಯುವುದಿಲ್ಲ. ಮೊದಲು ಖಾಲಿ ಟ್ರೈನ್, ಆಮೇಲೆ ಸೀಟಿನಲ್ಲಿ ನೀರು ತುಂಬಿದ ಬೊಂಬೆಗಳು. ಈ ಹಂತದಲ್ಲಿ ಟ್ರೈನ್ ಎರಡು ಗುಡ್ಡದ ನಡುವೆ ದಾಟಲಾರದೆ ಹಿಂದೆ ಮುಂದೆ ತೂಗಿ ತಗ್ಗಿನಲ್ಲಿ ನಿಂತುಬಿಡುವುದುಂಟು. ಹೊಸ ಬೇರಿಂಗ್ ಬಿಗಿ ಇರುತ್ತದೆ, ಬೆಳಗಿನ ಚಳಿಗೆ ಚಕ್ರದ ಪಾಲಿಯುರೆಥೇನ್ ಪ್ಲಾಸ್ಟಿಕ್ ಹೊದಿಕೆ ಹದಕ್ಕೆ ಬಂದಿರುವುದಿಲ್ಲ, ಖಾಲಿ ಟ್ರೈನಿಗೆ ಎದುರುಗಾಳಿ ಮೀರುವಷ್ಟು ತೂಕವಿಲ್ಲ. ಅಂಥ ಫೋಟೊ ಸಿಕ್ಕರೆ ‘ಅಪಘಾತ’ ಎಂದು ಹಂಚಬೇಡಿ. ವಿಂಚ್ ಹಾಕಿ ಎಳೆಯುತ್ತಾರೆ, ಆಗದಿದ್ದರೆ ಕ್ರೇನ್ ತರಿಸಿ ಬೋಗಿ ಬಿಡಿಸಿ ಇಳಿಸುತ್ತಾರೆ, ಬೇರೆ ಗಡಸುತನದ ಚಕ್ರ ಹಾಕಿ ಮತ್ತೆ ಓಡಿಸುತ್ತಾರೆ.