ಮೋಟಾರ್ ಹಾಕಿದರೆ ತಕ್ಕಡಿ ಕುಣಿಯುವುದೇಕೆ?

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಬೇಸಿಗೆಯಲ್ಲಿ ಅಡಿಕೆ ಮೂಟೆಗಳು ಮಂಡಿಗೆ ಹೊರಡುವ ಮುಂಚೆ ಅದರ ಮೇಲೆ ಕೂರುತ್ತವೆ. ತೋಟದ ಪಂಪ್‌ಸೆಟ್ ಶುರುವಾದರೆ ಸಾಕು, ಕೊನೆಯ ಎರಡು ಅಂಕಿ ಕುಣಿಯುತ್ತವೆ. ಮೂಟೆ ಸುಮ್ನೆ ಕೂತೇ ಇರುತ್ತದೆ.

ತಕ್ಕಡಿಯೊಳಗಿನ ಲೋಡ್‌ಸೆಲ್ ಭಾರವನ್ನು ವೋಲ್ಟೇಜ್ ಮಾಡಿ ಕೊಡುತ್ತದೆ. ತೀರಾ ಸಣ್ಣ ವೋಲ್ಟೇಜ್: ಸಾಮಾನ್ಯ ಲೋಡ್‌ಸೆಲ್ಲಿಗೆ 5 ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ ಸಿಗುವುದು 10 ಮಿಲಿವೋಲ್ಟ್ ಆಸುಪಾಸು. ಅದನ್ನು ಅಂಕಿ ಮಾಡುವ ಚಿಪ್ಪೇ ಎಡಿಸಿ. ಪಕ್ಕದ ವೈರಿನ ಕರೆಂಟಿನ 50 ಹರ್ಟ್ಸ್ ಗುಂಗು, ಅಂದರೆ ಸೆಕೆಂಡಿಗೆ 50 ಸಲದ ಏರಿಳಿತ, ಒಳಗೆ ನುಸುಳಿದರೆ, ಯಾವುದು ಅಡಿಕೆ, ಯಾವುದು ಕರೆಂಟು ಅಂತ ಎಡಿಸಿಗೆ ಗೊತ್ತಾಗುವುದಿಲ್ಲ.

ತಮಾಷೆ ಅಂದರೆ, ಅಂಕಿಗಳ ದಾರಿ ಹುಟ್ಟಿದ್ದೇ ನಾಯ್ಸ್, ಅಂದರೆ ಸಿಗ್ನಲ್ಲಿಗೆ ಸೇರಿಕೊಳ್ಳುವ ಗದ್ದಲ, ತಪ್ಪಿಸಿಕೊಳ್ಳಲು. ದೂರದ ಫೋನ್ ಲೈನಿನಲ್ಲಿ ಪ್ರತಿ ಆಂಪ್ಲಿಫೈಯರ್ ಮಾತಿನ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತಿತ್ತು. ಅದಕ್ಕೇ ಬ್ರಿಟಿಷ್ ಎಂಜಿನಿಯರ್ ಅಲೆಕ್ ರೀವ್ಸ್ ಮಾತನ್ನು ಅಂಕಿಗಳಾಗಿ ಕಳಿಸುವ ವಿಧಾನ ಕಂಡುಹಿಡಿದು 1938ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಆದರೆ ಅಂಕಿಗಳು ಮೆಟ್ಟಿಲಿನ ಹಾಗೆ, ಅಂಕಿ ಮಾಡುವಾಗ ಎರಡು ಮೆಟ್ಟಿಲಿನ ನಡುವೆ ಬಿದ್ದ ಬೆಲೆಯನ್ನು ಹತ್ತಿರದ ಮೆಟ್ಟಿಲಿಗೆ ತಳ್ಳಲೇಬೇಕು. ಅದೇ ಹೊಸ ನಾಯ್ಸ್. 1948ರಲ್ಲಿ ಅಮೆರಿಕದ ಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಬೆನೆಟ್ ಅದಕ್ಕೆ ಲೆಕ್ಕ ಹಾಕಿಕೊಟ್ಟರು. ಒಂದು ಬಿಟ್ ಹೆಚ್ಚಾದರೆ ಮೆಟ್ಟಿಲುಗಳು ಎರಡರಷ್ಟಾಗುತ್ತವೆ; ಸುಮಾರು 6 ಡೆಸಿಬಲ್ ಲಾಭ, ಅಂದರೆ ಈ ನಾಯ್ಸ್ ಅರ್ಧಕ್ಕೆ.

ಬಿಟ್ ಎಷ್ಟೇ ಹೆಚ್ಚಿಸಿದರೂ ಹೊರಗಿನ ಗುಂಗು ಹೋಗುವುದಿಲ್ಲ. ಹದಿನಾರು ಸಲ ಓದಿ ಸರಾಸರಿ ತೆಗೆದರೆ ಗೊತ್ತುಗುರಿಯಿಲ್ಲದ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ತಾಳ ಹಿಡಿದು ಬರುವ ಗುಂಗಿಗೆ ಆ ಲೆಕ್ಕ ನಡೆಯುವುದಿಲ್ಲ. 50 ಹರ್ಟ್ಸನ್ನು ಮಾತ್ರ ತಡೆಯುವ ಫಿಲ್ಟರ್ ಹಾಕಬಹುದು. ಆದರೆ ಲೈನಿನ ಆವರ್ತನ ಸರಿಯಾಗಿ 50ರಲ್ಲೇ ನಿಲ್ಲುವುದಿಲ್ಲ, ಅಲ್ವಾ?

ದಾರಿ ತೋರಿಸಿದ್ದು ಸ್ಟ್ಯಾನ್‌ಫರ್ಡ್‌ನ ಬರ್ನಾರ್ಡ್ ವಿಡ್ರೋ ಮತ್ತು ಟೆಡ್ ಹಾಫ್. 1960ರಲ್ಲಿ ಪ್ರಕಟವಾದ, ಫಿಲ್ಟರ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಅವರ ಎಲ್‌ಎಂಎಸ್ ವಿಧಾನ ಸಾರಿಗೆ ಉಪ್ಪು ಹಾಕಿದ ಹಾಗೆ: ಚಿಟಿಕೆ ಹಾಕು, ರುಚಿ ನೋಡು, ತಿದ್ದು. 1965ರಲ್ಲಿ ಅಲ್ಲಿನ ಇಬ್ಬರು ವಿದ್ಯಾರ್ಥಿಗಳು ಇಸಿಜಿಯೊಳಗಿನ 60 ಹರ್ಟ್ಸ್ ಗುಂಗನ್ನು ಇದರಿಂದ ತೆಗೆದರು. ಅಮೆರಿಕದ ಲೈನ್ 60 ತಾನೇ.

ಜಾಣತನ ಇರುವುದು ಎರಡನೇ ಕಿವಿಯಲ್ಲಿ. ಒಂದು ಎಡಿಸಿ ತಕ್ಕಡಿಯ ಸಿಗ್ನಲ್ ಓದುತ್ತದೆ. ಇನ್ನೊಂದು, ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಲೈನಿನ ಗುಂಗನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಫಿಲ್ಟರ್ ಆ ಗುಂಗಿನ ಬಲ, ಹೊತ್ತು ಹೊಂದಿಸಿ ಮೊದಲನೆಯದರಿಂದ ಕಳೆಯುತ್ತದೆ. ಉಳಿದದ್ದರಲ್ಲಿ ಗುಂಗು ಇನ್ನೂ ಇದ್ದರೆ ಮತ್ತೆ ತಿದ್ದುತ್ತದೆ. ಚಿಟಿಕೆ ದೊಡ್ಡದಾದರೆ ಬೇಗ ಕಲಿಯುತ್ತದೆ, ಆದರೆ ನಿಲ್ಲದೆ ತೂಗಾಡುತ್ತದೆ. ಚಿಕ್ಕದಾದರೆ ನಿಧಾನ. ಎರಡನೇ ಕಿವಿಗೆ ಕೇಳಿಸದ ನಾಯ್ಸ್ ಮಾತ್ರ ಹಾಗೇ ಉಳಿಯುತ್ತದೆ. ಬೆನೆಟ್ ಲೆಕ್ಕ ಹಾಕಿದ್ದೂ ಅದರಲ್ಲಿ ಸೇರಿದೆ.

ನನ್ನ ಕೇಳಿದರೆ ಫಿಲ್ಟರಿಗಿಂತ ಮೊದಲು ಅರ್ಥಿಂಗ್ ನೋಡಬೇಕು. ಚಿಕ್ಕಪ್ಪನ ಮನೆಯ ಅರ್ಥಿಂಗ್ ಗುಂಡಿ ಬೇಸಿಗೆಗೆ ಪೂರ್ತಿ ಒಣಗಿತ್ತು. ಎರಡು ಕೊಡ ನೀರು ಹೊಯ್ದ ಮೇಲೆ ಕುಣಿತ ಅರ್ಧಕ್ಕೆ ಇಳಿಯಿತು. ಉಳಿದರ್ಧಕ್ಕೆ ಫಿಲ್ಟರ್ ಬರೆದುಕೊಡುತ್ತೇನೆ ಅಂದೆ. ಅವರು ಮೂಟೆ ತೂಗುವಾಗ ಈಗಲೂ ಮೋಟಾರ್ ಆಫ್ ಮಾಡಿಸುತ್ತಾರೆ.